ಅಮ್ಮನ ಅರವತ್ತಕ್ಕೆ ಜಪಾನೀ-ಫ್ರೆಂಚ್ ಊಟ: ‘ವೆಜ್’ ಅಂತ ಕೊಟ್ಟ ಸಾರಿನಲ್ಲಿ ಮೀನು!

ತುಂಗಾತೀರದವಳು, ಪ್ಯಾರಿಸ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

ಅಮ್ಮ ತೀರ್ಥಹಳ್ಳಿಯಿಂದ ಬಂದು ಎರಡು ತಿಂಗಳಾಯಿತು. ಹೋದ ವಾರ ಅವಳಿಗೆ ಅರವತ್ತು ತುಂಬಿತು. ಊರಲ್ಲಾಗಿದ್ದರೆ ಹೋಳಿಗೆ ಊಟ ಹಾಕಿಸುತ್ತಿದ್ದೆವು. ಇಲ್ಲಿ ಏನು ಮಾಡೋದು ಅಂತ ಯೋಚಿಸುತ್ತಿದ್ದಾಗ ನನ್ನ ಗಂಡನ ಆಫೀಸಿನವರೊಬ್ಬರು ಒಂದು ಹೋಟೆಲ್ ಹೇಳಿದರು. ಅಡುಗೆಯವರು ಜಪಾನಿನವರು, ಅಡುಗೆ ಫ್ರೆಂಚ್ ದಾರಿಯದ್ದು. ಒಟ್ಟು ಇಪ್ಪತ್ತೇ ಕುರ್ಚಿ. ಹೆಸರು ಹೇಳೋಲ್ಲ, ಯಾಕೆ ಅಂತ ಓದಿದರೆ ಗೊತ್ತಾಗುತ್ತೆ.

ಮಧ್ಯಾಹ್ನದ ಊಟ ಒಬ್ಬರಿಗೆ 85 ಯೂರೋ. ರಾತ್ರಿಯದು ಅದರ ಎರಡರಷ್ಟಕ್ಕಿಂತ ಜಾಸ್ತಿ, ಹಾಗಾಗಿ ಮಧ್ಯಾಹ್ನವೇ ಸರಿ ಅಂದುಕೊಂಡೆವು. ಬುಕ್ ಮಾಡುವಾಗಲೇ ಕಾರ್ಡ್ ನಂಬರ್ ಕೊಡಬೇಕು, ಬರದಿದ್ದರೆ ದುಡ್ಡು ಕಟ್. ಅದೇ ಫಾರ್ಮ್‌ನಲ್ಲಿ ‘ಮೂವರಲ್ಲಿ ಒಬ್ಬರು ವೆಜಿಟೇರಿಯನ್’ ಅಂತ ಬರೆದೆ. ಆಗಲಿ ಅಂತ ಮೇಲ್ ಬಂತು.

ಮೊದಲು ಒಂದು ತುತ್ತಿನ ಟಾರ್ಟ್. ಬಟಾಣಿ, ಮೇಲೆ ಶಿಸೋ ಅನ್ನುವ ಎಲೆ. ಅಮ್ಮ ಅಗಿದು ನೋಡಿ ‘ದೊಡ್ಡಪತ್ರೆಯ ತಂಗಿ ಇದ್ದ ಹಾಗಿದೆ’ ಅಂದಳು. ಖುಷಿಯಲ್ಲೇ ಇದ್ದಳು. ಆಮೇಲೆ ಮುಚ್ಚಳ ಇರುವ ಕಪ್ಪು ಬಟ್ಟಲು ಬಂತು. ಮೂವರ ಮುಚ್ಚಳವನ್ನೂ ಒಟ್ಟಿಗೇ ತೆಗೆದರು. ಹಬೆ ಎದ್ದಿತು. ಒಳಗೆ ಬೆಣ್ಣೆಯಷ್ಟು ಮೆತ್ತಗೆ ಬೆಂದ ಒಂದೇ ಒಂದು ಟರ್ನಿಪ್, ಸುತ್ತ ಚಿನ್ನದ ಬಣ್ಣದ ತಿಳಿಸಾರು. ಅಮ್ಮ ಚಮಚ ತುಟಿಯವರೆಗೆ ತಂದವಳು ಹಾಗೇ ಕೆಳಗಿಟ್ಟಳು.

‘ಇದರಲ್ಲಿ ಏನೋ ಇದೆ ಕಣೇ.’

‘ಕಡಲಪಾಚಿ ಅಮ್ಮ, ಅದರ ವಾಸನೆ’ ಅಂದೆ.

‘ಕಡಲಪಾಚಿ ವಾಸನೆ ನಂಗೆ ಗೊತ್ತಿಲ್ಲ. ಒಣಮೀನಿನ ವಾಸನೆ ಗೊತ್ತು. ಸಂತೇಲಿ ಆ ಸಾಲು ದಾಟಿಯೇ ತರಕಾರಿಗೆ ಹೋಗಬೇಕು.’

ಬಡಿಸುವ ಹುಡುಗಿಯನ್ನು ಕರೆದು ಕೇಳಿದೆ. ಅವಳು ನಗುನಗುತ್ತಾ, ಪೂರ್ತಿ ತರಕಾರಿ ಮೇಡಂ, ಬರೀ ಕೊಂಬು ಅಂದಳು. ಅಮ್ಮನಿಗೆ ಆ ಮಾತಿನಲ್ಲಿ ಅರ್ಥವಾಗಿದ್ದು ಒಂದೇ ಪದ. ‘ಏನು, ಕೊಂಬು ಹಾಕಿದಾರಂತಾ? ಯಾವುದರದ್ದು?’ ನನ್ನ ಗಂಡನಿಗೆ ನಗು ತಡೆಯೋಕಾಗಲಿಲ್ಲ. ಕೊಂಬು ಅಂದರೆ ಜಪಾನೀ ಭಾಷೆಯಲ್ಲಿ ಕಡಲಪಾಚಿ ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದ ಟೇಬಲ್‌ನವರೂ ತಿರುಗಿ ನೋಡುತ್ತಿದ್ದರು.

ಇನ್ನೊಂದು ಸಲ ಅಡುಗೆಮನೆಗೆ ಹೋಗಿ ಕೇಳಿ ಅಂದೆ. ಈ ಸಲ ಮುಖ್ಯ ಅಡುಗೆಯವರೇ ಹೊರಗೆ ಬಂದರು. ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು. ಹೌದು, ಸಾರಿಗೆ ಕತ್ಸುವೊಬುಶಿ ಹಾಕಿದೆ, ಒಣಗಿಸಿದ ಮೀನಿನದು, ಸೋಸಿಬಿಟ್ಟಿರುತ್ತೇವಲ್ಲ, ತಪ್ಪಾಯಿತು ಅಂದರು. ಹತ್ತು ನಿಮಿಷದಲ್ಲಿ ಸುಟ್ಟ ಎಂಡೈವ್ ಸೊಪ್ಪು, ಬಿಳಿ ಮಿಸೋ (ಹುದುಗಿಸಿ ಅರೆದ ಸೋಯಾ) ಹಾಕಿದ ಬೆಣ್ಣೆ ಸಾಸ್ ಬಂತು. ಅಮ್ಮ ತಿಂದಳು, ಆದರೆ ಪ್ರತಿ ತುತ್ತಿಗೂ ಮೂಸಿ ಮೂಸಿ. ಕೊನೆಗೆ ಬಂದ ಕಪ್ಪೆಳ್ಳಿನ ಐಸ್‌ಕ್ರೀಮ್ ಮಾತ್ರ ಅಳಿಯನ ಪಾಲಿನದ್ದೂ ಸೇರಿಸಿ ತಿಂದಳು. ‘ಥೇಟ್ ಎಳ್ಳುಂಡೆ’ ಅಂತ. ಬಿಲ್‌ನಲ್ಲಿ ಅಮ್ಮನ ಊಟಕ್ಕೆ ಅರ್ಧ ಮಾತ್ರ ಹಾಕಿದ್ದರು.

ನನ್ನ ಪ್ರಶ್ನೆ ಇಷ್ಟೇ. ತಪ್ಪು ಯಾರದು? ನಾನು ಸರಿಯಾಗಿ ಹೇಳಲಿಲ್ಲವಾ, ಅವರು ಸರಿಯಾಗಿ ಕೇಳಲಿಲ್ಲವಾ? ಅಮ್ಮ ಏನೂ ಅಂದಿಲ್ಲ. ಅದೇ ನಂಗೆ ಸಂಕಟ.


ತಿಂಡಿಪೋತ, ಬೆಂಗಳೂರು

85 ಯೂರೋಗೆ ಒಂದು ಟರ್ನಿಪ್! ಗುರುವೇ! ಆ ದುಡ್ಡಿಗೆ ನಮ್ಮ ಬೀದಿಗೆಲ್ಲಾ ಬಾಳೆಎಲೆ ಊಟ ಹಾಕಿಸಬಹುದಿತ್ತು. ಫ್ಯೂಷನ್ ಅಂದರೆ ನಂಗೆ ಗೊತ್ತಿರೋದು ಗೋಬಿ ಮಂಚೂರಿ ಒಂದೇ. ಅದರಲ್ಲಿ ಏನು ಹಾಕಿದಾರೆ ಅಂತ ಅಲ್ಲೇ ನಿಂತು ನೋಡಬಹುದು. ಟೆನ್ಷನ್ನೇ ಇಲ್ಲ.


ಸೌಟು ಹಿಡಿದವನು, ಲಿಯೋನ್

ಅಕ್ಕ, ನಾನು ಇಲ್ಲಿ ಅಡುಗೆಮನೆಯಲ್ಲೇ ಕೆಲಸ ಮಾಡೋದು. ಹಿಂದೆ ಎರಡು ವರ್ಷ ಒಬ್ಬ ಜಪಾನೀ ಯಜಮಾನರ ಕೈಕೆಳಗೆ ಇದ್ದೆ. ಒಳಗಿನ ಕಥೆ ಹೇಳ್ತೀನಿ.

ನೀವು ನೋಡಿದ ಆ ಚಿನ್ನದ ಬಣ್ಣದ ಸಾರು ದಾಶಿ. ಕೊಂಬುವನ್ನು ನೀರಲ್ಲಿ ಹಾಕಿ 60 ಡಿಗ್ರಿ ಹತ್ತಿರ ಒಂದು ಗಂಟೆ ಇಡುತ್ತೇವೆ. ಕುದಿಸಬಾರದು, ಕುದಿಸಿದರೆ ಲೋಳೆ, ಒಂಥರಾ ಕಹಿ. ಪಾಚಿ ತೆಗೆದ ಮೇಲೆ ನೀರು ಬಿಸಿ ಮಾಡಿ ಕತ್ಸುವೊಬುಶಿ ಹಾಕೋದು, ಅದು ತಳಕ್ಕೆ ಇಳಿಯೋವರೆಗೆ ಕಾದು ಬಟ್ಟೆಯಲ್ಲಿ ಸೋಸೋದು. ಅಷ್ಟೇ. ಹಿಂಡಬಾರದು, ಹಿಂಡಿದರೆ ನಮ್ಮ ಯಜಮಾನರು ಸೌಟಲ್ಲೇ ಕೈಮೇಲೆ ಕೊಡುತ್ತಿದ್ದರು.

ಈ ಕತ್ಸುವೊಬುಶಿ ನೋಡಿದರೆ ಮೀನು ಅಂತ ಯಾರೂ ಹೇಳೋಲ್ಲ. ಬೇಯಿಸಿ, ಹೊಗೆ ಹಾಕಿ, ಒಣಗಿಸಿ, ಒಳ್ಳೇ ಜಾತಿಯದಕ್ಕೆ ಬೂಸ್ಟು ಹಿಡಿಸಿ ಮತ್ತೆ ಒಣಗಿಸಿರುತ್ತಾರೆ. ಎರಡು ತುಂಡು ಒಂದಕ್ಕೊಂದು ತಟ್ಟಿದರೆ ಟಕ್ ಟಕ್ ಅನ್ನುತ್ತೆ, ಮರದ ತುಂಡಿನ ಹಾಗೆ. ಬಡಗಿಯ ಉಜ್ಜುಗೊರಡು ಗೊತ್ತಲ್ವಾ, ಅದನ್ನು ತಲೆಕೆಳಗು ಮಾಡಿ ಪೆಟ್ಟಿಗೆಗೆ ಕೂರಿಸಿದಂಥ ಸಾಮಾನಿನ ಮೇಲೆ ತುಂಡನ್ನು ಉಜ್ಜಿ ಹೊಟ್ಟು ತೆಗೆಯೋದು.

ಈಗ ವಿಷಯಕ್ಕೆ ಬರ್ತೀನಿ. ಫ್ರೆಂಚ್ ಅಡುಗೆಮನೆಯಲ್ಲಿ ಸಾಸ್‌ಗೆ ಬುನಾದಿ ಅಂದರೆ ಕರುವಿನ ಮೂಳೆ ಗಂಟೆಗಟ್ಟಲೆ ಕುದಿಸಿದ ಸ್ಟಾಕ್. ಜಪಾನಿನವರು ಬಂದು ಎಷ್ಟೋ ಕಡೆ ಅದರ ಜಾಗಕ್ಕೆ ದಾಶಿ ತಂದರು. ಬೆಣ್ಣೆ ಕಮ್ಮಿ, ಭಾರ ಕಮ್ಮಿ, ರುಚಿ ಇದ್ದೇ ಇರುತ್ತೆ. ಈ ಜಪಾನೀ-ಫ್ರೆಂಚ್ ಅನ್ನೋದರ ಬೆನ್ನೆಲುಬೇ ಅದು. ಯುಜು ನಿಂಬೆ, ವಸಾಬಿ ಖಾರ ಎಲ್ಲಾ ಮೇಲಿನ ಒಡವೆ. ನಮ್ಮ ಅಡುಗೆಮನೆಯಲ್ಲಿ ದಾಶಿ ಅಂದರೆ ನಲ್ಲಿ ನೀರಿದ್ದ ಹಾಗೆ. ತರಕಾರಿ ಬೇಯಿಸೋಕೂ ಅದೇ, ಸಾಸ್ ತೆಳು ಮಾಡೋಕೂ ಅದೇ. ಲೆಕ್ಕಕ್ಕೇ ಬರೋಲ್ಲ. ವೆಜಿಟೇರಿಯನ್ ಅಂತ ಚೀಟಿ ಬಂದರೆ ತಟ್ಟೆ ಮೇಲಿನ ಮೀನಿನ ತುಂಡು ತೆಗೀತಾರೆ. ಪಾತ್ರೆ ಒಳಗಿನದು ನೆನಪಾಗೋಲ್ಲ.

ಹಾಗಂತ ಅವರದು ತಪ್ಪಿಲ್ಲ ಅನ್ನೋಲ್ಲ. ಯುರೋಪಿನಲ್ಲಿ 2014ರ ಡಿಸೆಂಬರ್‌ನಿಂದ ಕಾನೂನೇ ಇದೆ. ಅಲರ್ಜಿ ಬರಿಸುವ 14 ಬಗೆಯ ಪದಾರ್ಥಗಳಲ್ಲಿ ಯಾವುದು ಯಾವ ತಿಂಡಿಯಲ್ಲಿದೆ ಅಂತ ಹೋಟೆಲ್‌ನವರು ತಿಳಿಸಬೇಕು. ಅದರಲ್ಲಿ ಮೀನು ಇದೆ. ಬಡಿಸುವ ಹುಡುಗಿಗೆ ಅದು ಬಾಯಿಗೆ ಬರಬೇಕಿತ್ತು. ಅಮ್ಮನ ಜಾಗದಲ್ಲಿ ಮೀನಿನ ಅಲರ್ಜಿ ಇರೋರು ಕೂತಿದ್ದರೆ? ನನ್ನ ತೀರ್ಪು: ಮುಕ್ಕಾಲು ಪಾಲು ಅವರದು, ಕಾಲು ಪಾಲು ನಿಮ್ಮದು.


ತುಂಗಾತೀರದವಳು, ಪ್ಯಾರಿಸ್

ಕಾಲು ಪಾಲು ಒಪ್ಪಿಕೊಂಡೆ. ಬರೀ ‘ವೆಜಿಟೇರಿಯನ್’ ಅಂತ ಬರೆದಿದ್ದೆ. ಇನ್ನೇನು ಬರೆಯಬೇಕಿತ್ತು?


ಕೋಡಿ ಕಡೆಯವ, ಕುಂದಾಪುರ

ಅಮ್ಮನ ಮೂಗಿಗೆ ಒಂದು ಸಲಾಂ. ಹೊಗೆ ಹಾಕಿ ಸೋಸಿದ್ದನ್ನೂ ಹಿಡಿದುಬಿಟ್ಟರಲ್ಲ!

ಸೌಟು ಹಿಡಿದವರು ಹೇಳಿದ್ದು ಓದಿ ಲಕ್ಷದ್ವೀಪದ ಮಾಸ್ ನೆನಪಾಯಿತು. ಅದೇ ಜಾತಿಯ ಟ್ಯೂನಾ ಮೀನು, ಬೇಯಿಸಿ ಹೊಗೆ ಹಾಕಿ ಬಿಸಿಲಲ್ಲಿ ಕಲ್ಲಿನ ಹಾಗೆ ಒಣಗಿಸೋದು. ಬೂಸ್ಟು ಒಂದು ಇಲ್ಲ. ಅಲ್ಲಿಯ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ಮಂಗಳೂರಿಗೆ ಓಡ ಬರುತ್ತಿದ್ದ ಕಾಲ ಅದು. ಜಪಾನಿನವರು ಅದನ್ನು ತುರಿದು ಸಾರಿಗೆ ಬಿಟ್ಟು 85 ಯೂರೋ ಮಾಡಿದರು. ನಾವು ಇನ್ನೂ ಚಟ್ನಿಯಲ್ಲೇ ಇದ್ದೇವೆ.


ನಿಜ ಹೇಳುವವ, ಮೈಸೂರು

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೀನು ತಿನ್ನದ ತಾಯಿಯನ್ನು ಜಪಾನಿನವರ ಹೋಟೆಲ್‌ಗೆ ಯಾಕೆ ಕರೆದುಕೊಂಡು ಹೋದಿರಿ? ಪ್ಯಾರಿಸ್‌ನಲ್ಲಿ ಲಾ ಶಪೆಲ್ ಕಡೆ ದೋಸೆ, ಇಡ್ಲಿ ಎಲ್ಲಾ ಸಿಗುತ್ತೆ ಅಂತ ಕೇಳಿದ್ದೇನೆ. ಇದು ನಿಮ್ಮ ಶೋಕಿಗೆ ಹೋದದ್ದು, ಅವರಿಗಲ್ಲ.


ತುಂಗಾತೀರದವಳು, ಪ್ಯಾರಿಸ್

ಸರ್, ಬೇಜಾರಿಲ್ಲ, ಆದರೆ ಉತ್ತರ ಇದೆ. ಲಾ ಶಪೆಲ್‌ಗೆ ಹೋಗೋಣ್ವಾ ಅಂತ ಮೊದಲು ಕೇಳಿದ್ದೇ ನಾನು. ಅಮ್ಮ ಏನಂದಳು ಗೊತ್ತಾ? ‘ದೋಸೆ ತಿನ್ನೋಕೆ ಅಷ್ಟು ದೂರ ವಿಮಾನದಲ್ಲಿ ಬರಬೇಕಿತ್ತಾ?’ ನಲವತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಕೂತು ತಿಂದವಳು. ಒಂದು ದಿನ ಯಾರೋ ಬೇರೆಯವರು ಮಾಡಿದ್ದನ್ನು, ಒಂದೊಂದೇ ತಟ್ಟೆ, ಬಿಸಿಬಿಸಿ, ತನ್ನ ಮುಂದೆ ತಂದಿಟ್ಟರು. ಆ ಮುಚ್ಚಳ ತೆಗೆದಾಗ ಅವಳ ಮುಖ ನೋಡಬೇಕಿತ್ತು ನೀವು. ಅದಕ್ಕೇ ಸಂಕಟ ಅಂದದ್ದು.


ಹಳೇ ಪ್ಯಾರಿಸಿಗ, ಪ್ಯಾರಿಸ್ 13

ಮೈಸೂರಿನವರೇ, ಇಲ್ಲಿ ಜಪಾನಿನವರ ಕೈಯ ಫ್ರೆಂಚ್ ಊಟ ಅಂದರೆ ಸುಶಿ ಅಂಗಡಿ ಅಂತ ತಿಳೀಬೇಡಿ. ಇದಕ್ಕೆ ಐವತ್ತು ವರ್ಷದ ಕಥೆ ಇದೆ.

ತ್ಸುಜಿ ಶಿಜುವೊ ಅನ್ನುವವರು 1960ರಲ್ಲಿ ಒಸಾಕಾದಲ್ಲಿ ಅಡುಗೆ ಶಾಲೆ ತೆರೆದರು. ಪಾಲ್ ಬೊಕ್ಯೂಸ್‌ನಂಥ ಫ್ರೆಂಚ್ ಅಡುಗೆ ದೊರೆಗಳನ್ನೇ ಅಲ್ಲಿಗೆ ಕರೆಸಿದರು. ಹೋದವರು ಕೈಸೆಕಿ ಊಟ ನೋಡಿ ಬಂದರು: ಸಣ್ಣ ಸಣ್ಣ ತಟ್ಟೆ, ಆಯಾ ಕಾಲದ ತರಕಾರಿ, ತಟ್ಟೆಯಲ್ಲಿ ಖಾಲಿ ಜಾಗ. 1973ರಲ್ಲಿ ಗೋ ಮತ್ತು ಮಿಯೋ ಅನ್ನುವ ಇಬ್ಬರು ಪತ್ರಕರ್ತರು ‘ನೂವೆಲ್ ಕ್ವಿಸೀನ್’ (ಹೊಸ ಅಡುಗೆ) ಅಂತ ಡಂಗುರ ಹೊಡೆದರಲ್ಲ, ಹಿಟ್ಟು ಹಾಕಿದ ಗಟ್ಟಿ ಸಾಸ್ ಬಿಡಿ, ಜಾಸ್ತಿ ಬೇಯಿಸಬೇಡಿ ಅಂತ, ಅದರೊಳಗೆ ಜಪಾನಿನ ಗಾಳಿ ಇತ್ತು. ಅಂದರೆ ಫ್ರೆಂಚರೇ ಮೊದಲು ಸಾಲ ತಂದದ್ದು. ಇನ್ನೊಬ್ಬ ದೊಡ್ಡ ಫ್ರೆಂಚ್ ಅಡುಗೆಯವರು ರೊಬುಶೋ 2003ರಲ್ಲಿ ಶುರು ಮಾಡಿದ ಅಟೆಲಿಯೆ ಹೋಟೆಲ್ ನೋಡಿ, ಅಡುಗೆಯವರ ಎದುರಿಗೇ ಕೌಂಟರ್‌ನಲ್ಲಿ ಕೂತು ತಿನ್ನೋದು. ಸುಶಿ ಅಂಗಡಿಯ ಕೂರುವ ಪದ್ಧತಿ.

ಆ ಕಡೆ ತ್ಸುಜಿ ಶಾಲೆ ಲಿಯೋನ್ ಹತ್ತಿರ ಒಂದು ಹಳೇ ಬಂಗಲೆಯಲ್ಲಿ ತನ್ನ ಶಾಖೆಯನ್ನೇ ಮಾಡಿತು. ಹುಡುಗರು ಬಂದರು, ಪಾತ್ರೆ ಉಜ್ಜಿದರು, ಉಳಿದುಕೊಂಡರು. 2002ರಲ್ಲಿ ಹಿರಮತ್ಸು ಅನ್ನುವ ಜಪಾನೀ ಅಡುಗೆಯವರು ಪ್ಯಾರಿಸ್‌ನಲ್ಲಿ ಮಿಶೆಲಿನ್ ಸ್ಟಾರ್ ಪಡೆದರು. ಮಿಶೆಲಿನ್ ಗೈಡ್ ಹೋಟೆಲ್‌ಗಳಿಗೆ ಕೊಡುವ ದರ್ಜೆ ಅದು, ಮೂರು ಸ್ಟಾರ್ ಅಂದರೆ ಎಲ್ಲಕ್ಕಿಂತ ಮೇಲು. 2020ರ ಜನವರಿಯಲ್ಲಿ ಕೆಯಿ ಕೊಬಯಾಶಿ ಮೂರು ಸ್ಟಾರ್ ಪಡೆದರು. ಫ್ರಾನ್ಸಿನಲ್ಲಿ ಅಲ್ಲಿಯವರೆಗೆ ಯಾವ ಜಪಾನಿಗನಿಗೂ ಅದು ಸಿಕ್ಕಿರಲಿಲ್ಲ. ನಾಗಾನೋ ಕಡೆಯ ಹುಡುಗ, ಅಪ್ಪ ಕೈಸೆಕಿ ಅಡುಗೆಯವರು. ಇವರಲ್ಲಿ ಹೆಚ್ಚಿನವರು ನಾವು ಮಾಡೋದು ಫ್ರೆಂಚ್ ಅಡುಗೆಯೇ ಅನ್ನುತ್ತಾರೆ. ಫ್ಯೂಷನ್ ಅಂದರೆ ಮುಖ ಸಿಂಡರಿಸುತ್ತಾರೆ. ನಂಗೂ ಆ ಪದ ಇಷ್ಟವಿಲ್ಲ.

ಅಂದಹಾಗೆ ಕೆಯಿಯವರ ಬಲು ಹೆಸರಾದ ತಿಂಡಿ ‘ಕರುಂ ಕುರುಂ ತರಕಾರಿ ತೋಟ’. ಮೇಲೆ ನಿಂಬೆಯ ಬಿಳಿ ನೊರೆ, ಮೋಡ ಕೂತ ಹಾಗೆ. ಕೆಳಗೆ ಬಗೆಬಗೆಯ ತರಕಾರಿ, ಹೂ, ಕಪ್ಪು ಆಲಿವ್ ಪುಡಿ. ಎಲ್ಲಾ ಚೆನ್ನಾಗಿ ಕಲಸಿಕೊಂಡು ತಿನ್ನಬೇಕು, ಭೇಲ್ ಕಲಸಿದ ಹಾಗೆ. ಹೆಸರು ಕೇಳಿ ಸಸ್ಯಾಹಾರ ಅಂದುಕೊಂಡೀರಿ ಜೋಕೆ. ಅಡಿಯಲ್ಲಿ ಹೊಗೆ ಹಾಕಿದ ಸಾಲ್ಮನ್ ಇರುತ್ತೆ.

ಇನ್ನು ದುಡ್ಡಿನ ಮಾತು. ಇಲ್ಲಿ ಬೆಲೆಯಲ್ಲೇ ಸರ್ವಿಸ್ ಸೇರಿರುತ್ತೆ, ಟಿಪ್ಸ್ ಕೊಡಲೇಬೇಕು ಅಂತಿಲ್ಲ. ನೀರಿಗೆ ‘ಕರಾಫ್ ದೋ’ ಅಂದರೆ ನಲ್ಲಿ ನೀರು ಪುಕ್ಕಟೆ ಕೊಡಬೇಕು, ಎಷ್ಟೇ ದೊಡ್ಡ ಹೋಟೆಲ್ ಆಗಿರಲಿ. ಬಾಟಲಿ ನೀರು ಬೇಕಾ ಅಂತ ಬಲು ನಯವಾಗಿ ಕೇಳುತ್ತಾರೆ, ಹೂಂ ಅಂದರೆ ಹೋಯಿತು.


ತಿಂಡಿಪೋತ, ಬೆಂಗಳೂರು

ಮೂರು ಸ್ಟಾರ್ ತಗೊಂಡು ಭೇಲ್ ಕಲಸಿ ಅಂತಾರಾ? ನಮ್ಮ ಗಾಡಿಯವನು ಅವನೇ ಕಲಸಿ ಕೊಡ್ತಾನೆ.


ಸಿಡ್ನಿ ಸೊಸೆ, ಸಿಡ್ನಿ

ನಮ್ಮಲ್ಲಿ ತೆತ್ಸುಯಾಸ್ ಅನ್ನುವ ಹೋಟೆಲ್ ಇತ್ತು. 1982ರಲ್ಲಿ ಇಲ್ಲಿಗೆ ಬಂದ ತೆತ್ಸುಯಾ ವಾಕುದಾ 1989ರಲ್ಲಿ ಶುರು ಮಾಡಿದ್ದು. 2024ರಲ್ಲಿ ಬಾಗಿಲು ಹಾಕಿತು, ಹೊಟ್ಟೆ ಉರಿಯಿತು. ತಾಸ್ಮೇನಿಯಾದ ಓಶನ್ ಟ್ರೌಟ್ ಮೀನನ್ನು ಎಣ್ಣೆಯಲ್ಲಿ ಕುದಿಯದ ಹಾಗೆ ಹದವಾಗಿ ಬೇಯಿಸಿ, ಮೇಲೆ ಕೊಂಬು ಚೂರು. ಕಿತ್ತಳೆ ಬಣ್ಣ ಒಂಚೂರೂ ಮಾಸಿರಲಿಲ್ಲ, ಹಸಿಯೋ ಬೆಂದದ್ದೋ ಗೊತ್ತಾಗದು. ಎಣ್ಣೆಯಲ್ಲಿ ಬೇಯಿಸೋದು ಫ್ರೆಂಚ್, ಪಾಚಿ ಜಪಾನ್, ಮೀನು ಆಸ್ಟ್ರೇಲಿಯಾ. ಸಸ್ಯಾಹಾರಿಗಳಿಗೆ ನನ್ನ ಈ ಕಥೆಯಿಂದ ಏನೂ ಪ್ರಯೋಜನ ಇಲ್ಲ, ಸುಮ್ನೆ ನೆನಪಾಯಿತು.


ಟೋಕಿಯೋ ರಾಯರು, ಟೋಕಿಯೋ

ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಪಕ್ಕಾ ಸಸ್ಯಾಹಾರಿ. ತುಂಗಾತೀರದವರೇ, ನಿಮ್ಮ ಅಮ್ಮನಿಗೆ ಆದದ್ದು ನನಗೆ ವಾರಕ್ಕೊಮ್ಮೆ ಆಗುತ್ತಿತ್ತು. ಬಾಡೂಟದ ಹೋಟೆಲ್ ಆದರೆ ಎದುರಿಗೇ ಕಾಣುತ್ತೆ. ಇಲ್ಲಿ ಮಿಸೋ ಸೂಪ್, ಟೆಂಪುರಾ (ಇಲ್ಲಿಯ ಬಜ್ಜಿ) ಅದ್ದುವ ನೀರು, ಪಾಲಕ್ ಪಲ್ಯ, ಎಲ್ಲದರಲ್ಲೂ ಕಾಣದ ಹಾಗೆ ಇರುತ್ತೆ.

ಪರಿಹಾರ ಇದೆ, ಅದೂ ರುಚಿ ಕೆಡದ ಹಾಗೆ. 1908ರಲ್ಲಿ ಇಕೆದಾ ಕಿಕುನಾಯೆ ಅನ್ನುವ ಪ್ರೊಫೆಸರ್ ಕೊಂಬು ಸಾರಿನ ರುಚಿಗೆ ಕಾರಣ ಗ್ಲುಟಮೇಟ್ ಅಂತ ಕಂಡುಹಿಡಿದು ‘ಉಮಾಮಿ’ ಅಂತ ಹೆಸರಿಟ್ಟರು. ಮಾರನೇ ವರ್ಷವೇ ಅದು ಪುಡಿಯಾಗಿ ಪೇಟೆಗೆ ಬಂತು. ಆ ಪುಡಿಯೇ ನಮ್ಮ ತಿಂಡಿಪೋತರ ಗೋಬಿ ಮಂಚೂರಿಗೆ ಬೀಳುವ ಅಜಿನೋಮೋಟೋ. ಟೆನ್ಷನ್ ಇಲ್ಲ ಅಂದಿರಲ್ಲ ಸ್ವಾಮಿ!

ಆದರೆ ಕೊಂಬು ಒಂದರಿಂದಲೇ ಪೂರ್ತಿ ರುಚಿ ಬರೋಲ್ಲ. ಜೊತೆಗೆ ಇನ್ನೊಂದು ಬೇಕು. ಕತ್ಸುವೊಬುಶಿಯಲ್ಲಿ ಇನೋಸಿನೇಟ್ ಇದೆ, ಒಣಗಿಸಿದ ಶಿಟಾಕೆ ಅಣಬೆಯಲ್ಲಿ ಗ್ವಾನಿಲೇಟ್ ಇದೆ. ಎರಡರಲ್ಲಿ ಯಾವುದು ಕೊಂಬು ಜೊತೆ ಸೇರಿದರೂ ರುಚಿ ಎಷ್ಟೋ ಪಾಲು ಏರುತ್ತೆ. ಅಂದರೆ ಮೀನು ಬೇಕೇ ಬೇಕು ಅಂತಿಲ್ಲ, ಅಣಬೆ ಸಾಕು. ಇಲ್ಲಿಯ ಬೌದ್ಧ ಮಠಗಳ ಶೋಜಿನ್ ಊಟ ನಡೆಯೋದೇ ಹೀಗೆ. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮೊದಲ ಸಲ ಕ್ಯೋಟೋದಲ್ಲಿ ಉಂಡಾಗ ನಮ್ಮ ಅಜ್ಜಿಯ ಮಡಿ ಅಡುಗೆ ನೆನಪಾಗಿತ್ತು. ಜಪಾನೀ ಅಡುಗೆಯವರಿಗೆ ‘ವೆಜಿಟೇರಿಯನ್’ ಅನ್ನಬೇಡಿ, ‘ಶೋಜಿನ್’ ಅನ್ನಿ. ತಟ್ಟನೆ ಅರ್ಥವಾಗುತ್ತೆ.

ಮೇಲ್‌ನಲ್ಲಿ ಹೀಗೆ ಬರೆಯಿರಿ: ಮಾಂಸ ಬೇಡ, ಮೀನು ಬೇಡ, ದಾಶಿಯಲ್ಲಿ ಕತ್ಸುವೊಬುಶಿ ಬೇಡ, ಕೊಂಬು-ಶಿಟಾಕೆ ದಾಶಿ ಆಗಬಹುದು. ಎರಡು ದಿನ ಮುಂಚೆ ಮತ್ತೆ ನೆನಪಿಸಿ.


ಸೌಟು ಹಿಡಿದವನು, ಲಿಯೋನ್

ರಾಯರು ಹೇಳಿದ್ದಕ್ಕೆ ನನ್ನದೂ ಸೇರಿಸಿ. ಫ್ರೆಂಚ್ ಕಡೆಯ ಬಲೆಗಳು ಬೇರೆ ಇವೆ. ಮೂಸ್, ಜೆಲ್ಲಿ ಅಂದರೆ ಜೆಲಟಿನ್, ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದದ್ದು. ಅಗರ್-ಅಗರ್ ಬಳಸಿದ್ದರೆ ಪರವಾಗಿಲ್ಲ, ಅದು ನಮ್ಮ ಚೈನಾ ಗ್ರಾಸ್, ಜಪಾನಿನವರ ಕಾಂತೆನ್, ಕಡಲಪಾಚಿಯದೇ. ಪಾರ್ಮೆಸಾನ್ ಚೀಸ್‌ಗೆ ಹಾಲು ಗಟ್ಟಿಯಾಗಲಿ ಅಂತ ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಬೆಣ್ಣೆ ಸಾಸ್ ಅಂದರೆ ಸಾಮಾನ್ಯವಾಗಿ ಬಿಳಿ ವೈನ್ ಕುದಿಸಿ ಇಳಿಸಿ ಮಾಡೋದು.

ಅಕ್ಕ, ಒಂದು ಕೇಳಬೇಕು. ಅಮ್ಮ ಮೊಟ್ಟೆ ತಿಂತಾರಾ?


ತುಂಗಾತೀರದವಳು, ಪ್ಯಾರಿಸ್

ಇಲ್ಲ. ಯಾಕೆ?


ಸೌಟು ಹಿಡಿದವನು, ಲಿಯೋನ್

ಆ ಕಪ್ಪೆಳ್ಳಿನ ಐಸ್‌ಕ್ರೀಮ್. ಫ್ರೆಂಚ್ ಪದ್ಧತಿ ಆಗಿದ್ದರೆ ಹಾಲಿಗೆ ಮೊಟ್ಟೆಯ ಹಳದಿ ಹಾಕಿ ಕಾಯಿಸಿರುತ್ತಾರೆ. ಕೆಲವರು ಹಾಕೋಲ್ಲ. ಕೇಳದೆ ಹೇಳೋಕಾಗೋಲ್ಲ.


ತಿಂಡಿಪೋತ, ಬೆಂಗಳೂರು

ಅಳಿಯನ ಪಾಲಿನದ್ದೂ ತಿಂದರು ಅಂದ್ರಿ ಅಲ್ವಾ 🙈


ಕೋಡಿ ಕಡೆಯವ, ಕುಂದಾಪುರ

ಸೌಟಿನ ಮಾರಾಯ್ರೇ, ನೀವು ಸುಮ್ಮನಿರಬಾರದಿತ್ತಾ!


ತುಂಗಾತೀರದವಳು, ಪ್ಯಾರಿಸ್

ಎರಡು ದಿನದ ನಂತರ ಬರೆಯುತ್ತಿದ್ದೇನೆ. ರಾಯರು ಹೇಳಿದ ಹಾಗೇ ಮೇಲ್ ಮಾಡಿದೆ. ಅಡುಗೆಯವರೇ ಉತ್ತರ ಬರೆದಿದ್ದಾರೆ. ಶೋಜಿನ್ ಅನ್ನುವ ಪದ ನೋಡಿ ಖುಷಿಯಾಯಿತಂತೆ, ಅವರ ಅಜ್ಜಿ ಮನೆಯಲ್ಲಿ ಅದೇ ಅಡುಗೆಯಂತೆ. ಅಮ್ಮ ಊರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಕರೆದುಕೊಂಡು ಬನ್ನಿ, ಅದೇ ಟರ್ನಿಪ್ ಅನ್ನು ಕೊಂಬು-ಶಿಟಾಕೆಯಲ್ಲಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಇನ್ನೇನಾದರೂ ಬಿಡಬೇಕಾದ್ದು ಇದ್ದರೆ ತಿಳಿಸಿ ಅಂತಲೂ ಕೇಳಿದ್ದಾರೆ.

ಅಮ್ಮನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ, ಸೌಟಿನವರು ಬರೆದದ್ದೂ ಸೇರಿ. ಬೆಣ್ಣೆ ಸಾಸ್‌ನ ವೈನ್ ಬಂದಾಗ ‘ಕುದಿಸಿದ ಮೇಲೆ ಏನಿರುತ್ತೆ’ ಅಂದಳು. ಐಸ್‌ಕ್ರೀಮ್ ಬಂದಾಗ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡುತ್ತಾ ಕೂತಳು.

ಆಮೇಲೆ ಅಂದಳು: ‘ಮೀನಿಂದು ಸರಿಯಾಗಿ ಬರಿ. ಐಸ್‌ಕ್ರೀಮಿಂದು ಏನೂ ಕೇಳಕ್ಕೆ ಹೋಗಬೇಡ.’